ನಗರದ ಯಂತ್ರಗಳೂ ಅವುಗಳನ್ನು ಬಲ್ಲವರ ಸಂಬಳವೂ

ಬೆಂಗಳೂರಿನ ಮನೆಯೊಂದರಲ್ಲಿ ನಲ್ಲಿಯನ್ನು ತಿರುಗಿಸಿದೊಡನೆ ನೀರು ಬೀಳುತ್ತದೆ. ಈ ಸಂಗತಿ ನಮಗೆ ಎಷ್ಟು ರೂಢಿಯಾಗಿ ಹೋಗಿದೆಯೆಂದರೆ, ಇದರ ಹಿಂದೆ ಅಡಗಿರುವ ದೊಡ್ಡ ಸಾಹಸವನ್ನು ನಾವು ಮರೆತೇಬಿಟ್ಟಿದ್ದೇವೆ. ನೀರು ತಗ್ಗಿನ ಕಡೆಗೆ ಹರಿಯುವುದು ಪ್ರಕೃತಿಯ ನಿಯಮ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರುಗಳಿಗೂ ಹೆಚ್ಚಿನ ಎತ್ತರದಲ್ಲಿರುವ ಊರು. ಅದಕ್ಕೆ ನೀರನ್ನೊದಗಿಸುವ ಕಾವೇರಿ ಹರಿಯುವುದು ಸುಮಾರು 100 ಕಿಲೋಮೀಟರು ದೂರದ ತಗ್ಗಿನಲ್ಲಿ. ಆ ನದಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆಗಳಲ್ಲಿ ಪಂಪುಗಳಿಂದ ನೂಕಿಸಿಕೊಂಡು, ಮೆಟ್ಟಿಲೇರಿದಂತೆ ಏರಿ ಏರಿ ನಗರವನ್ನು ಮುಟ್ಟುತ್ತದೆ. 1974ರಲ್ಲಿ ಮೊದಲನೆಯ ಹಂತದಿಂದ ಪ್ರಾರಂಭವಾದ ಈ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಚಾಲನೆಗೆ ಬಂದಿತು.

ಇದಕ್ಕೆ ಎಷ್ಟು ಶಕ್ತಿ ಬೇಕು? ಪ್ರೌಢಶಾಲೆಯಲ್ಲಿ ಕಲಿತ ಸೂತ್ರವೊಂದೇ ಸಾಕು. ಲೆಕ್ಕ ಹಾಕಿ ನೋಡೋಣ. ಐದು ಹಂತಗಳೂ ಪೂರ್ಣ ಪ್ರಮಾಣದಲ್ಲಿ ನಡೆದರೆ ದಿನವೊಂದಕ್ಕೆ ಸುಮಾರು 222.5 ಕೋಟಿ ಲೀಟರು ನೀರು ಬರುತ್ತದೆ. ಒಂದು ದಿನದಲ್ಲಿ 86,400 ಸೆಕೆಂಡುಗಳು. ಆದ್ದರಿಂದ ಪ್ರತಿ ಸೆಕೆಂಡಿಗೂ ಸುಮಾರು 25,750 ಕಿಲೋಗ್ರಾಂ ನೀರು ಸಾಗಬೇಕು. ಕೊಳವೆಗಳ ಘರ್ಷಣೆಯನ್ನೂ ಸೇರಿಸಿಕೊಂಡರೆ ಪಂಪುಗಳು ಈ ನೀರನ್ನು ಒಟ್ಟು ಸುಮಾರು 500 ಮೀಟರು ಎತ್ತರಕ್ಕೆ ಎತ್ತಿದಂತೆ ಆಗುತ್ತದೆ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ ಸುಮಾರು 12.6 ಕೋಟಿ ವ್ಯಾಟುಗಳು, ಎಂದರೆ 126 ಮೆಗಾವ್ಯಾಟುಗಳು, ಬರುತ್ತವೆ. ದಿನವೊಂದಕ್ಕೆ 30 ಲಕ್ಷ ಯೂನಿಟ್ಟು! ಇದೂ ಸಹ ಪಂಪುಗಳಲ್ಲಿ ಒಂದಿಷ್ಟೂ ನಷ್ಟವಿಲ್ಲವೆಂದು ಭಾವಿಸಿದರೆ ಮಾತ್ರ. ಪಂಪು ಮತ್ತು ಮೋಟಾರುಗಳೆರಡರ ದಕ್ಷತೆಯೂ ಸೇರಿ ಶೇಕಡಾ 80 ಎಂದಿಟ್ಟುಕೊಂಡರೆ ಅದು ಸುಮಾರು 38 ಲಕ್ಷ ಯೂನಿಟ್ಟಿಗೆ ಏರುತ್ತದೆ.

ಇಷ್ಟು ದೊಡ್ಡ ಯಂತ್ರವನ್ನು ಹಗಲಿರುಳೂ ಬಲ್ಲವರು ಯಾರಾದರೂ ಇರಲೇಬೇಕಷ್ಟೆ. ಅಂಥವರ ಅಗತ್ಯ ನಮಗೆ ಅರಿವಾಗುವುದು ಯಂತ್ರ ನಿಂತಾಗ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಭಾರಿ ಮಳೆ ಸುರಿದು ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾದವು. ರಸ್ತೆಗಳಲ್ಲಿ ದೋಣಿಗಳು ಓಡಾಡಿದವು. ಅದೇ ಮಳೆಗೆ ತೊರೆಕಾಡನಹಳ್ಳಿಯಲ್ಲಿ ಪಂಪುಮನೆಯೊಳಗೆ ಪ್ರವಾಹ ನುಗ್ಗಿ ಯಂತ್ರಗಳು ನಿಂತುಹೋದವು. ಬೀದಿಯಲ್ಲಿ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಮಾತ್ರ ಹನಿಯೂ ಇಲ್ಲ ಎಂಬ ವಿಚಿತ್ರ ಸ್ಥಿತಿ ಅನೇಕ ಬಡಾವಣೆಗಳಿಗೆ ಒದಗಿತು. ಜಲಮಂಡಳಿಯ ಇಂಜಿನಿಯರುಗಳೂ ಕಾರ್ಮಿಕರೂ ನೀರನ್ನು ಹೊರಹಾಕಿ ಯಂತ್ರಗಳನ್ನು ಮತ್ತೆ ಚಾಲನೆಗೆ ತಂದರು. ನೆನೆದ ಮೋಟಾರಿಗೆ ಒಮ್ಮೆಗೇ ವಿದ್ಯುತ್ತನ್ನು ಹಾಯಿಸುವಂತಿಲ್ಲ. ಅದರ ಸುರುಳಿಗಳನ್ನು ಒಣಗಿಸಿ, ವಿದ್ಯುತ್‌ನಿರೋಧವನ್ನು ಅಳೆದು, ಅದು ಸಾಕಷ್ಟಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕೀಲಿಯನ್ನು ಒತ್ತಬೇಕು. ಅವಸರಪಟ್ಟರೆ ಮೋಟಾರು ಸುಟ್ಟುಹೋಗುತ್ತದೆ. ಈ ವಿವೇಕ ಯಂತ್ರದೊಡನೆ ಬರುವ ಪುಸ್ತಕದಿಂದಷ್ಟೇ ಬರುವುದಿಲ್ಲ. ಆ ಯಂತ್ರದ ಜೊತೆಯಲ್ಲಿ ವರ್ಷಗಟ್ಟಲೆ ಕಳೆದವರಿಗೆ ಬರುತ್ತದೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ: ನಗರವು ತನ್ನ ಯಂತ್ರಗಳನ್ನೂ ಅಳತೆಯ ಉಪಕರಣಗಳನ್ನೂ ಗಣಕವ್ಯವಸ್ಥೆಗಳನ್ನೂ ಬಲ್ಲವರನ್ನು ತನ್ನ ಸ್ವಂತ ನೌಕರರನ್ನಾಗಿ ಇಟ್ಟುಕೊಳ್ಳಬೇಕು, ಅವರು ನೆಲೆಯೂರಿ ನಿಲ್ಲುವಂಥ ಸಂಬಳವನ್ನೂ ಬಡ್ತಿಯನ್ನೂ ಕೊಡಬೇಕು. ಇದು ಉದಾರತೆಯ ಮಾತಲ್ಲ, ಲೆಕ್ಕಾಚಾರದ ಮಾತು.

ಬೆಂಗಳೂರಿಗೆ ಈ ವಿಷಯ ಹೊಸದೇನೂ ಅಲ್ಲ. 1890ರ ದಶಕದಲ್ಲಿ ಹೆಸರುಘಟ್ಟದ ನೀರನ್ನು ನಗರಕ್ಕೆ ತಂದಾಗ ಸೋಲದೇವನಹಳ್ಳಿಯಲ್ಲಿ ಅದನ್ನು ಮೇಲೆತ್ತಿದವು ಉಗಿಯಂತ್ರಗಳು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಅಂದಿನ ದಿನಗಳಿಗೆ ಇವು ತೀರ ಹೊಸ ವಿದ್ಯೆಗಳು. ಈ ವಿದ್ಯೆ ಹೊರಗಿನಿಂದ ಬಂದುದಾದರೂ ಹೊರಗಿನದಾಗಿಯೇ ಉಳಿಯಕೂಡದೆಂಬುದು ಅಂದಿನ ಆಡಳಿತಗಾರರ ವಿಚಾರವಾಗಿತ್ತು. 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ವಿಶ್ವೇಶ್ವರಯ್ಯನವರು ಸ್ವತಃ ಸಂಬಳ ಪಡೆಯುತ್ತಿದ್ದ ಸರ್ಕಾರಿ ಇಂಜಿನಿಯರಾಗಿ ವೃತ್ತಿಯನ್ನು ಆರಂಭಿಸಿದವರು. ಸುಕ್ಕೂರಿನ ನೀರು ಸರಬರಾಜು, ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು ಆ ಸೇವೆಯ ಫಲಗಳು.

ಇತರ ದೇಶಗಳ ಅನುಭವವೂ ಬೇರೆಯಲ್ಲ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಲಂಡನ್ನಿನ ಪಾರ್ಲಿಮೆಂಟಿನ ಕಲಾಪವನ್ನೇ ಕೆಡಿಸಿದಾಗ, ಆ ಮಹಾನಗರದ ಒಳಚರಂಡಿಗಳನ್ನು ಕಟ್ಟುವ ಹೊಣೆ ಬಿದ್ದುದು ಜೋಸೆಫ್ ಬಜಲ್ಗೆಟ್ ಎಂಬ ಇಂಜಿನಿಯರನ ಮೇಲೆ. ಆತ ನಗರದ ಕಾಮಗಾರಿ ಮಂಡಳಿಯ ಮುಖ್ಯ ಇಂಜಿನಿಯರು. 1856ರಲ್ಲಿ ಆ ಸ್ಥಾನಕ್ಕೆ ಬಂದವನು 1889ರಲ್ಲಿ ಮಂಡಳಿ ಮುಚ್ಚುವವರೆಗೂ ಅಲ್ಲಿಯೇ ಇದ್ದನು. ಒಂದೇ ವ್ಯವಸ್ಥೆಯೊಡನೆ 33 ವರ್ಷ! ಚರಂಡಿಯ ನಕ್ಷೆ ಕಾಗದದ ಮೇಲಿದ್ದಂತೆ ಅವನ ತಲೆಯಲ್ಲಿಯೂ ಇದ್ದಿತೆಂದರೆ ಅತಿಶಯೋಕ್ತಿಯಾಗಲಾರದು.

ಈಗ ಸಂಬಳದ ವಿಷಯಕ್ಕೆ ಬರೋಣ. ಪ್ರತಿವರ್ಷವೂ ಅಂತಿಮ ಪದವಿ ತರಗತಿಯ ವಿದ್ಯಾರ್ಥಿಗಳು ನನ್ನ ಬಳಿ ಬಂದು ಮುಂದಿನ ದಾರಿಯನ್ನು ಕೇಳುತ್ತಾರೆ. ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೈತುಂಬ ಸಂಬಳ, ಸರ್ಕಾರದಲ್ಲಿ ಅಲ್ಪ ಸಂಬಳ ಎಂಬುದು ಅವರಲ್ಲಿ ಬೇರೂರಿರುವ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸತ್ಯ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ವೇತನ ಶ್ರೇಣಿಯಲ್ಲಿ ಸಹಾಯಕ ಇಂಜಿನಿಯರೊಬ್ಬರ ಮೂಲವೇತನ ತಿಂಗಳಿಗೆ 69,250 ರೂಪಾಯಿಗಳಿಂದ ಪ್ರಾರಂಭವಾಗುತ್ತದೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪೆನಿಗಳು ಹೊಸಬರಿಗೆ ಸಾಮಾನ್ಯವಾಗಿ ಕೊಡುತ್ತ ಬಂದಿರುವುದು ವರ್ಷಕ್ಕೆ ಮೂರೂವರೆ ನಾಲ್ಕು ಲಕ್ಷ ರೂಪಾಯಿಗಳು, ಎಂದರೆ ತಿಂಗಳಿಗೆ ಮೂವತ್ತು ಸಾವಿರದ ಆಸುಪಾಸು. ಆರಿಸಿದ ಕೆಲವರಿಗೆ ಕೆಲವು ಕಂಪೆನಿಗಳು ಇದರ ಹಲವು ಪಟ್ಟು ಕೊಡುವುದುಂಟು. ಅದು ಎಲ್ಲರ ಪಾಲಿಗೆ ಬರುವಂಥದಲ್ಲ. ಹೀಗಾಗಿ ಮೊದಲ ತಿಂಗಳ ಸಂಬಳವೊಂದನ್ನೇ ನೋಡುವುದಾದರೆ ಸರ್ಕಾರದ ಇಂಜಿನಿಯರೇ ಅನೇಕರಿಗಿಂತ ಮುಂದಿರುತ್ತಾನೆ.

ಹಾಗಾದರೆ ಕೊರತೆ ಎಲ್ಲಿದೆ? ವಿದ್ಯಾರ್ಥಿಗಳು ಒಂದು ನಕ್ಷೆಯನ್ನು ಬರೆದುಕೊಳ್ಳಲಿ. ಅಡ್ಡ ಅಕ್ಷದ ಮೇಲೆ ಸೇವೆಯ ವರ್ಷಗಳು, ಲಂಬ ಅಕ್ಷದ ಮೇಲೆ ಸಂಬಳ. ಸರ್ಕಾರಿ ಇಂಜಿನಿಯರನ ರೇಖೆ ಎತ್ತರದಲ್ಲಿ ಪ್ರಾರಂಭವಾಗುತ್ತದೆ, ಆದರೆ ಅದರ ಇಳಿಜಾರು ಅಲ್ಪ. ಸಹಾಯಕ ಇಂಜಿನಿಯರನ ಶ್ರೇಣಿ 1,34,200 ರೂಪಾಯಿಗಳಿಗೆ ಮುಗಿಯುತ್ತದೆ. ಅದರ ಮೇಲೇರಬೇಕಾದರೆ ಮೇಲಿನ ಹುದ್ದೆ ತೆರವಾಗಬೇಕು. ನಿಪುಣನಾದ ಸಾಫ್ಟ್‌ವೇರ್ ಇಂಜಿನಿಯರನ ರೇಖೆ ತಗ್ಗಿನಲ್ಲಿ ಪ್ರಾರಂಭವಾದರೂ ಕಡಿದಾಗಿ ಏರುತ್ತದೆ. ಎರಡೂ ಎಲ್ಲಿಯೋ ಒಂದು ಕಡೆ ಕೂಡುತ್ತವೆ. ಅಲ್ಲಿಂದ ಮುಂದೆ ಅಂತರ ಬೆಳೆಯುತ್ತಲೇ ಹೋಗುತ್ತದೆ. ಅನುಭವ ಪಕ್ವವಾಗುವುದೂ ಹೆಚ್ಚುಕಡಿಮೆ ಆ ವಯಸ್ಸಿನಲ್ಲಿಯೇ ಎಂಬುದನ್ನು ವಾಚಕರು ಗಮನಿಸಬೇಕು.

ಇದೇ ನಕ್ಷೆಯಲ್ಲಿ ಮೂರನೆಯ ರೇಖೆಯೊಂದಿದೆ. ನಗರಾಡಳಿತದಲ್ಲಿ ಸಿವಿಲ್ ಇಂಜಿನಿಯರುಗಳ ಹುದ್ದೆಗಳು ಪರಂಪರೆಯಿಂದ ಬಂದಿವೆ. ಆದರೆ ಗಣಕಯಂತ್ರದ ಮುಂದೆ ಕುಳಿತವರು, ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವರು, ತೆರಿಗೆಯ ಲೆಕ್ಕದ ತಂತ್ರಾಂಶವನ್ನು ನಡೆಸುವವರು ಬಹುಮಟ್ಟಿಗೆ ಹೊರಗುತ್ತಿಗೆಯವರು. ಅವರ ರೇಖೆ ತಗ್ಗಿನಲ್ಲಿ ಪ್ರಾರಂಭವಾಗಿ ನೆಲಕ್ಕೆ ಸಮಾಂತರವಾಗಿಯೇ ಸಾಗುತ್ತದೆ. ಗುತ್ತಿಗೆ ಮುಗಿದ ದಿನ ಅದು ತುಂಡಾಗುತ್ತದೆ. ತುಂಡಾದ ರೇಖೆಯೊಡನೆ ಹೊರಟುಹೋಗುವುದು ಒಬ್ಬ ಮನುಷ್ಯ ಮಾತ್ರವಲ್ಲ. ಯಾವ ಉಪಕರಣ ಮಳೆಗಾಲದಲ್ಲಿ ತಪ್ಪು ತೋರಿಸುತ್ತದೆ, ಯಾವ ಕಡತದ ಅಂಕಿಗಳನ್ನು ಎರಡನೆಯ ಬಾರಿ ಪರೀಕ್ಷಿಸಬೇಕು ಎಂಬ ತಿಳಿವಳಿಕೆಯೂ ಅವನೊಡನೆ ಹೋಗುತ್ತದೆ. ಹೊಸಬನು ಮೊದಲಿನಿಂದ ಕಲಿಯಬೇಕು. ಆ ಕಲಿಕೆಯ ವೆಚ್ಚ ಯಾವ ಆಯವ್ಯಯಪತ್ರದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಇದರಿಂದ ಏನು ನಷ್ಟ ಎಂದು ಕೇಳಬಹುದು. ವರ್ನಿಯರ್ ಮಾಪಕವನ್ನು ಕೈಯಲ್ಲಿ ಹಿಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಶೂನ್ಯದೋಷವೆಂದರೇನೆಂದು ಗೊತ್ತು. ಅಳೆಯುವ ಮೊದಲು ಉಪಕರಣವನ್ನೇ ಅಳೆಯಬೇಕು. ನಗರಕ್ಕೆ ಬರುವ ನೀರನ್ನು ಅಳೆಯುವ ಮೀಟರುಗಳಿಗೂ ಈ ನಿಯಮ ಅನ್ವಯಿಸುತ್ತದೆ. ಆ ಮೀಟರುಗಳಲ್ಲಿ ಶೇಕಡಾ 2ರಷ್ಟು ದೋಷವಿದೆಯೆಂದು ಭಾವಿಸೋಣ. 222.5 ಕೋಟಿ ಲೀಟರಿನಲ್ಲಿ ಶೇಕಡಾ 2 ಎಂದರೆ ಸುಮಾರು ನಾಲ್ಕೂವರೆ ಕೋಟಿ ಲೀಟರು. ತಲೆಗೆ ದಿನಕ್ಕೆ 150 ಲೀಟರಿನ ಲೆಕ್ಕದಲ್ಲಿ ಅದು 3 ಲಕ್ಷ ಜನರ ನೀರು. ಸೋರಿತೆ, ಕದ್ದರೆ, ಅಥವಾ ಬರಲೇ ಇಲ್ಲವೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ಮುಂಚೆ ಮೀಟರನ್ನು ನಂಬಬಹುದೆ ಎಂದು ಹೇಳಬಲ್ಲವನೊಬ್ಬ ಬೇಕು. ಮೀಟರನ್ನು ಮಾರಿದ ಕಂಪೆನಿಯವನೇ ಆ ಮಾತನ್ನು ಹೇಳಿದರೆ ಸಾಲದು. ಅಂಗಡಿಯವನ ತಕ್ಕಡಿಯನ್ನು ಅಂಗಡಿಯವನೇ ಪರೀಕ್ಷಿಸಿದಂತಾಗುತ್ತದೆ.

ಹಣವೆಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಅದಕ್ಕೂ ಲೆಕ್ಕವೇ ಉತ್ತರ ಕೊಡಲಿ. ಮೇಲೆ ಕಂಡ ಪಂಪುಗಳ ದಕ್ಷತೆ ಶೇಕಡಾ 80ರಿಂದ 81ಕ್ಕೆ ಏರಿತೆಂದು ಇಟ್ಟುಕೊಳ್ಳಿ. ದಿನಕ್ಕೆ 46 ಸಾವಿರಕ್ಕೂ ಹೆಚ್ಚು ಯೂನಿಟ್ಟುಗಳು ಉಳಿಯುತ್ತವೆ. ಯೂನಿಟ್ಟಿಗೆ ಲೆಕ್ಕಕ್ಕಾಗಿ 6 ರೂಪಾಯಿ ಹಿಡಿದರೂ ದಿನಕ್ಕೆ 2 ಲಕ್ಷ 80 ಸಾವಿರ ರೂಪಾಯಿಗಳ ಹತ್ತಿರ, ವರ್ಷಕ್ಕೆ ಸುಮಾರು 10 ಕೋಟಿ. ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಸಂಬಳದ 50ಕ್ಕೂ ಹೆಚ್ಚು ತಜ್ಞರನ್ನು ಇಷ್ಟರಿಂದಲೇ ಸಾಕಬಹುದು. ಶೇಕಡಾ 1ರ ಈ ಸುಧಾರಣೆ ಹೇಗೆ ಬರುತ್ತದೆ? ಸವೆದ ಚಕ್ರವನ್ನು ಸಕಾಲದಲ್ಲಿ ಬದಲಿಸುವುದು, ಅರ್ಧ ಮುಚ್ಚಿಕೊಂಡ ಕವಾಟವನ್ನು ಗುರುತಿಸುವುದು, ಎಷ್ಟು ಹರಿವಿಗೆ ಎಷ್ಟು ಪಂಪುಗಳನ್ನು ಓಡಿಸಿದರೆ ಮೇಲೆಂದು ಪ್ರತಿದಿನದ ಒತ್ತಡವನ್ನೂ ವಿದ್ಯುತ್ತನ್ನೂ ಬರೆದಿಟ್ಟು ಹೋಲಿಸುವುದು, ಇಂಥ ಸಣ್ಣ ಕೆಲಸಗಳಿಂದ. ವರ್ಷಕ್ಕೊಮ್ಮೆ ಬಂದು ವರದಿ ಒಪ್ಪಿಸಿ ಹೋಗುವ ಸಲಹೆಗಾರನಿಂದ ಇದು ಸಾಧ್ಯವಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ಎತ್ತುವುದುಂಟು. ಕೆಲಸ ಖಾಯಂ ಆದೊಡನೆ ನೌಕರ ಸೋಮಾರಿಯಾಗುತ್ತಾನೆ ಎಂಬುದು ಮೊದಲನೆಯದು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕಛೇರಿಯ ಬಾಗಿಲಲ್ಲಿ ಕಾದು ನಿಂತವರೆಲ್ಲರಿಗೂ ಇದರ ಅನುಭವವಿದೆ. ಆದರೆ ಸೋಮಾರಿತನಕ್ಕೆ ಮದ್ದು ಕೆಲಸದ ಅಳತೆಯೇ ಹೊರತು ಕೆಲಸದ ಅಭದ್ರತೆಯಲ್ಲ. ಪಂಪುಮನೆಯ ದಕ್ಷತೆಯನ್ನು ತಿಂಗಳು ತಿಂಗಳೂ ಪ್ರಕಟಿಸಿದರೆ ಯಾರು ದುಡಿದರು, ಯಾರು ನಿದ್ದೆ ಮಾಡಿದರು ಎಂಬುದು ತಾನಾಗಿ ಬಯಲಾಗುತ್ತದೆ. ಖಾಸಗಿ ಕಂಪೆನಿಗಳೇ ಇಂಥ ಕೆಲಸವನ್ನು ಚೆನ್ನಾಗಿ ಮಾಡುವಾಗ ನಗರಕ್ಕೇಕೆ ಈ ಗೊಡವೆ ಎಂಬುದು ಎರಡನೆಯ ಆಕ್ಷೇಪಣೆ. ಕಂಪೆನಿಗಳಿಂದ ಕೊಳ್ಳಕೂಡದೆಂದು ನಾನು ಹೇಳುತ್ತಿಲ್ಲ. ಪಂಪನ್ನು ನಗರವೇ ಎರಕ ಹೊಯ್ಯಬೇಕಿಲ್ಲ. ಆದರೆ ಕೊಳ್ಳುವವನಿಗೆ ಪರೀಕ್ಷಿಸುವ ಕಣ್ಣು ಬೇಕು. ಆ ಕಣ್ಣನ್ನೂ ಗುತ್ತಿಗೆಗೆ ಕೊಟ್ಟವನು ಕುರುಡನೇ ಸರಿ.

ಸರ್ಕಾರದಲ್ಲಿ ಇಂಥ ವ್ಯವಸ್ಥೆ ಅಸಾಧ್ಯವೆಂದು ತಿಳಿಯಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರವು 1976ರಲ್ಲಿಯೇ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವನ್ನು ಸ್ಥಾಪಿಸಿ ಗಣಕತಜ್ಞರನ್ನು ತನ್ನ ಸ್ವಂತ ನೌಕರರನ್ನಾಗಿ ನೇಮಿಸಿಕೊಂಡಿತು. ಅದನ್ನು ಕಟ್ಟಿ ಬೆಳೆಸಿದ ಎನ್. ಶೇಷಗಿರಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ನಮ್ಮ ರಾಜ್ಯದ ರೈತರ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯ ತಂತ್ರಾಂಶ ಸಿದ್ಧವಾದುದು ಆ ಕೇಂದ್ರದ ತಜ್ಞರಿಂದ. ಸುಮಾರು 2 ಕೋಟಿ ಪಹಣಿಗಳ ಕೆಲಸ ಅದು. ಹಳ್ಳಿಯ ಹೊಲಕ್ಕೆ ಸರ್ಕಾರದ ಸ್ವಂತ ತಜ್ಞರು ಒದಗಬಹುದಾದರೆ ನಗರದ ನೀರಿಗೆ, ದೀಪಕ್ಕೆ, ಚರಂಡಿಗೆ ಏಕೆ ಒದಗಬಾರದು? ಬಡ್ತಿಯ ತೊಡಕನ್ನು ಬಿಡಿಸುವುದಕ್ಕೂ ಮಾದರಿಯೊಂದು ನಮ್ಮಲ್ಲಿಯೇ ಇದೆ. ಹೋಮಿ ಭಾಭಾ ಅವರು ಬೆಳೆಸಿದ ಅಣುಶಕ್ತಿ ಇಲಾಖೆಯಲ್ಲಿ ವಿಜ್ಞಾನಿಯೊಬ್ಬನು ಮೇಲಿನ ಹುದ್ದೆ ತೆರವಾಗಲೆಂದು ಕಾಯಬೇಕಾಗಿಲ್ಲ; ಅವನ ಯೋಗ್ಯತೆಯನ್ನು ಪರೀಕ್ಷಿಸಿ ಬಡ್ತಿ ಕೊಡುತ್ತಾರೆ. ಹೀಗಿದ್ದಲ್ಲಿ ಯಂತ್ರವನ್ನು ಬಲ್ಲವನು ಸಂಬಳಕ್ಕಾಗಿ ಯಂತ್ರವನ್ನು ಬಿಟ್ಟು ಕಡತದ ಮುಂದೆ ಹೋಗಿ ಕೂಡಬೇಕಾದ ಪ್ರಸಂಗ ಬರುವುದಿಲ್ಲ.

ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. 1992ರಲ್ಲಿ ಅಂಗೀಕಾರವಾದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ 18 ಹೊಣೆಗಳನ್ನು ಪಟ್ಟಿಮಾಡಿತು. ಹೊಣೆಗಳ ಪಟ್ಟಿ ಬೆಳೆದಷ್ಟು ಬಲ್ಲ ಕೈಗಳ ಪಟ್ಟಿ ಬೆಳೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹಳೆಯ ಮಹಾನಗರಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ನೀರು ಜಲಮಂಡಳಿಯ ಪಾಲಿನದಾದರೂ ಬೀದಿದೀಪ, ಮಳೆನೀರಿನ ಕಾಲುವೆ, ಕಸ, ತೆರಿಗೆ ಇವೆಲ್ಲವೂ ಇಂದು ಉಪಕರಣಗಳನ್ನೂ ಗಣಕವನ್ನೂ ಅವಲಂಬಿಸಿವೆ. ಹೊಸ ಮನೆ ಕಟ್ಟುವಾಗಲೇ ಕಿಟಕಿಯ ಸ್ಥಳವನ್ನು ಗೊತ್ತುಮಾಡಬೇಕು; ಗೋಡೆ ಎದ್ದ ಮೇಲೆ ಒಡೆಯುವುದು ಕಷ್ಟ. ಹೊಸ ಪಾಲಿಕೆಗಳ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಮೂರು ಅಂಶಗಳಿಗೆ ಸ್ಥಳ ದೊರೆಯಬೇಕು. ಉಪಕರಣ, ವಿದ್ಯುನ್ಮಾನ, ಗಣಕ ಇವುಗಳಿಗೆ ಪ್ರತ್ಯೇಕವಾದ ಖಾಯಂ ವೃಂದವಿರಬೇಕು. ಅದರಲ್ಲಿ ಇಂಜಿನಿಯರುಗಳೊಡನೆ ಐ.ಟಿ.ಐ. ಕಲಿತವರಿಗೂ ವಿಜ್ಞಾನದ ಪದವೀಧರರಿಗೂ ಮೆಟ್ಟಿಲುಗಳಿರಬೇಕು. ಯೋಗ್ಯತೆಯನ್ನು ಅಳೆದು ಬಡ್ತಿ ಕೊಡುವ ಪದ್ಧತಿಯಿರಬೇಕು. ಈ ವೃಂದದವರನ್ನು ಕೆಲವು ವರ್ಷಗಳ ಕಾಲವಾದರೂ ಬೇರೆ ಕೆಲಸಕ್ಕೆ ಎತ್ತಿಹಾಕದಂತೆ ರಕ್ಷಣೆಯಿರಬೇಕು.

ಕೊನೆಯದಾಗಿ ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಭೌತವಿಜ್ಞಾನವನ್ನು ಓದಿದವರಿಗೆ ಪಾಠ ಹೇಳುವುದು, ಇಲ್ಲವೆ ಓದಿದ್ದನ್ನು ಮರೆತು ಬೇರೆ ಕೆಲಸ ಹಿಡಿಯುವುದು, ಇವೆರಡೇ ದಾರಿ ಎಂಬ ಭಾವನೆ ಬೇಡ. ಒತ್ತಡ, ಹರಿವು, ನಿರೋಧ, ದಕ್ಷತೆ ಇವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಶಬ್ದಗಳಲ್ಲ. ಒಂದು ಕೋಟಿಗೂ ಹೆಚ್ಚು ಜನರ ದಿನಚರಿ ಇವುಗಳ ಮೇಲೆ ನಿಂತಿದೆ. ನಗರದ ಸೇವೆ ಕೀಳೆಂದು ಬಗೆಯದಿರಿ. ಹಾಗೆಯೇ, ಸೇವೆಯ ಹೆಸರಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯಿರೆಂದು ಯಾರಾದರೂ ಉಪದೇಶಿಸಿದರೆ ಅದನ್ನೂ ಒಪ್ಪಬೇಡಿ. ಬಲ್ಲವನ ಸಂಬಳವನ್ನು ಉಳಿಸಿ ಆ ನಷ್ಟವನ್ನು ವಿದ್ಯುತ್ತಿನ ಬಿಲ್ಲಿನಲ್ಲಿ ತೆರುವ ನಗರ ಜಾಣತನದ ವ್ಯಾಪಾರವನ್ನು ಮಾಡುತ್ತಿಲ್ಲ ಎಂಬುದನ್ನು ಕಾಗದ, ಪೆನ್ಸಿಲು ಹಿಡಿದು ತೋರಿಸಿಕೊಡುವಷ್ಟು ವಿಜ್ಞಾನ ನಿಮ್ಮಲ್ಲಿ ಈಗಾಗಲೇ ಇದೆ. ಅದನ್ನು ನಿಮ್ಮ ವಾರ್ಡಿನ ಪ್ರತಿನಿಧಿಗಳಿಗೂ ತೋರಿಸಿಕೊಡಿ.